ಎಂಆರ್‌ಐ ಕಲಿ, ಕ್ಯಾಥ್‌ಲ್ಯಾಬ್ ಕಲಿ ಅನ್ನುತ್ತಾರೆ, ಸಂಬಳ ಮಾತ್ರ ಅದೇ. ಒಪ್ಪಬೇಕಾ?

ಬೆಣ್ಣೆದೋಸೆ_ಸಿಟಿ
ಎಲ್ಲರಿಗೂ ನಮಸ್ಕಾರ. ನಾನು ಡಿಪ್ಲೊಮಾ ಮುಗಿಸಿ ಆರು ವರ್ಷ ಆಯಿತು. ಮೊದಲ ಮೂರು ವರ್ಷ ಬರೀ ಎಕ್ಸ್‌ರೇ ಮತ್ತು ವಾರ್ಡಿಗೇ ತಳ್ಳಿಕೊಂಡು ಹೋಗುವ ಪೋರ್ಟಬಲ್ ಎಕ್ಸ್‌ರೇ, ಆಮೇಲಿಂದ ಸಿಟಿ ಸ್ಕ್ಯಾನ್. ಖಾಸಗಿ ಆಸ್ಪತ್ರೆ, ಹೆಸರು ಬೇಡ. ಹೋದ ವಾರ ಮ್ಯಾನೇಜರ್ ಕರೆದು, ಇನ್ನು ಮುಂದೆ ಎಲ್ಲರೂ ಎಲ್ಲ ಮಷಿನ್ ಕಲಿಯಬೇಕು, ಕ್ರಾಸ್ ಟ್ರೈನಿಂಗ್ ಶುರು ಮಾಡುತ್ತಿದ್ದೇವೆ, ನಿನ್ನ ಭವಿಷ್ಯಕ್ಕೆ ಒಳ್ಳೆಯದು ಅಂದರು. ಖುಷಿಯಾಯಿತು. ಆಮೇಲೆ ವಿವರ ಕೇಳಿದೆ. ಎಂಆರ್‌ಐನಲ್ಲಿ ಎರಡು ವಾರ ನೋಡಿ ಕಲಿಯಬೇಕಂತೆ, ಮೂರನೇ ವಾರದಿಂದ ನೈಟ್ ಡ್ಯೂಟಿಗೆ ಒಬ್ಬನೇ. ಅದಾದ ಮೇಲೆ ಕ್ಯಾಥ್‌ಲ್ಯಾಬ್, ಅಂದರೆ ಹೃದಯದ ಆಂಜಿಯೋಗ್ರಾಂ ಮಾಡುವ ಕೋಣೆ. ಸಂಬಳ ಅದೇ 22 ಸಾವಿರ. ಹುದ್ದೆಯ ಹೆಸರು ಈಗಲೂ ಎಕ್ಸ್‌ರೇ ಟೆಕ್ನೀಷಿಯನ್. ಇದರ ಮೇಲೆ ಎರಡು ವರ್ಷದ ಬಾಂಡ್ ಬೇರೆ, ಮಾರ್ಕ್ಸ್ ಕಾರ್ಡ್ ಒರಿಜಿನಲ್ ಅವರ ಹತ್ತಿರ ಇಡಬೇಕು.

ಇದು ಬೆಳವಣಿಗೆಯೋ ಇಲ್ಲ ನಾಲ್ಕು ಜನರ ಕೆಲಸ ಒಬ್ಬನ ತಲೆಗೆ ಕಟ್ಟುವ ಉಪಾಯವೋ ಗೊತ್ತಾಗುತ್ತಿಲ್ಲ. ಕಲಿಯಬೇಕು ಅಂತ ಆಸೆ ಅಂತೂ ಇದೆ. ಅನುಭವ ಇದ್ದವರು ಹೇಳಿ.

ಶಿರಸಿ_ಅಡಿಕೆ
ಬಾಂಡ್‌ಗೆ ಸೈನ್ ಹಾಕಬೇಡಿ, ಒರಿಜಿನಲ್ ಕೊಡಬೇಡಿ. ಮಿಕ್ಕಿದ್ದು ಆಮೇಲೆ ಮಾತಾಡೋಣ.

ಡಾರ್ಕ್‌ರೂಮ್_ಅಜ್ಜ
ನಾನು ಈ ಕೆಲಸಕ್ಕೆ ಸೇರಿದಾಗ ನಿಮ್ಮಲ್ಲಿ ಹೆಚ್ಚಿನವರು ಹುಟ್ಟಿರಲಿಲ್ಲ. ಕೆಂಪು ಲೈಟಿನ ಕೋಣೆ, ಡೆವಲಪರ್ ತೊಟ್ಟಿ, ನೀರು, ಫಿಕ್ಸರ್ ತೊಟ್ಟಿ. ಉಗುರೆಲ್ಲ ಕಂದು ಬಣ್ಣ. ತುರ್ತು ಇದ್ದರೆ ಒದ್ದೆ ಫಿಲ್ಮ್ ಹ್ಯಾಂಗರ್ ಸಮೇತ ಹಿಡಿದುಕೊಂಡು ನೀರು ತೊಟ್ಟಿಕ್ಕಿಸುತ್ತಾ ಡಾಕ್ಟರ ಹತ್ತಿರ ಓಡುತ್ತಿದ್ದೆವು. ನನಗೆ ಕೆಲಸ ಕಲಿಸಿದ್ದು ಯಾವ ಕಾಲೇಜೂ ಅಲ್ಲ, ಓದು ಬರಹ ಕಡಿಮೆ ಇದ್ದ ಒಬ್ಬ ಡಾರ್ಕ್‌ರೂಮ್ ಅಸಿಸ್ಟೆಂಟ್. ಫಿಲ್ಮ್ ಎತ್ತಿ ಹಿಡಿದು ಇದಕ್ಕೆ ಕೆವಿ (ಎಕ್ಸ್‌ರೇ ಟ್ಯೂಬಿನ ವೋಲ್ಟೇಜ್) ಕಡಿಮೆ ಆಯ್ತು ಸ್ವಾಮಿ ಅನ್ನುತ್ತಿದ್ದ, ಸರಿಯಾಗೇ ಇರುತ್ತಿತ್ತು.

ಆಮೇಲೆ ಫಿಲ್ಮ್ ಹೋಗಿ ಕಂಪ್ಯೂಟರಿನಲ್ಲಿ ಚಿತ್ರ ನೋಡುವ ಸಿಆರ್ ಬಂತು, ಡಿಆರ್ ಬಂತು. ನನಗ್ಯಾಕೆ ಕಂಪ್ಯೂಟರ್ ಅಂದವರು ರಿಟೈರ್ ಆಗುವ ತನಕ ಕ್ಯಾಸೆಟ್ ಒರೆಸುತ್ತಾ ಕೂತರು. ನಾನು ಸಿಟಿಗೆ ಹೋದೆ, ಒಂದು ರೂಪಾಯಿ ಜಾಸ್ತಿ ಕೇಳಲಿಲ್ಲ. ಆಮೇಲೆ ಅದೇ ಅನ್ನ ಹಾಕಿತು. ಹಾಗಾಗಿ ಕಲಿಯಲು ಕರೆದರೆ ಹೋಗಪ್ಪ. ಕಲಿತದ್ದನ್ನು ಯಾರೂ ಕಿತ್ತುಕೊಳ್ಳುವುದಿಲ್ಲ.

ಮಲ್ಲೇಶ್ವರಂ_ನೈಟ್‌ಶಿಫ್ಟ್
ಅಜ್ಜ, ಗೌರವ ಇಟ್ಟುಕೊಂಡೇ ಹೇಳುತ್ತೇನೆ, ನಿಮ್ಮ ಕಾಲದಲ್ಲಿ ಒಂದು ಆಸ್ಪತ್ರೆಗೆ ಸೇರಿದರೆ ಅಲ್ಲೇ ರಿಟೈರ್ ಆಗುತ್ತಿದ್ದಿರಿ. ಈಗ ಆರು ತಿಂಗಳಿಗೆ ಎಚ್‌ಆರ್ ಬದಲಾಗುತ್ತಾರೆ. 'ಭವಿಷ್ಯಕ್ಕೆ ಒಳ್ಳೆಯದು' ಅಂದ ಮ್ಯಾನೇಜರ್ ಮುಂದಿನ ವರ್ಷ ಅಲ್ಲಿರುತ್ತಾನೆ ಅಂತ ಏನು ಗ್ಯಾರಂಟಿ? ಬಾಯಿ ಮಾತು ನಂಬಿ ನಾನು ಮ್ಯಾಮೊ (ಸ್ತನದ ಎಕ್ಸ್‌ರೇ), ಡೆಕ್ಸಾ (ಮೂಳೆ ಸಾಂದ್ರತೆ ಅಳೆಯುವುದು), ಸಿಟಿ ಮೂರೂ ನೋಡಿಕೊಂಡೆ. ಯಾರು ರಜೆ ಹಾಕಿದರೂ ನನ್ನ ಫೋನ್ ರಿಂಗ್ ಆಗುತ್ತಿತ್ತು. ಎಲ್ಲ ಕಲಿತವನಿಗೆ ಸಿಕ್ಕಿದ ಬಹುಮಾನ ಅದೊಂದೇ.

ಡಾರ್ಕ್‌ರೂಮ್_ಅಜ್ಜ
ಅದೂ ನಿಜ. ನಮಗೆ ಪೆನ್ಷನ್ ಇತ್ತು. ಅದನ್ನು ಮರೆತು ಬರೆದೆ.

ಶಾರ್ಜಾ_ಸುಳ್ಯ
ಕಾಗದದ ವಿಷಯ ಹೇಳಲೇಬೇಕು, ನನ್ನ ಹೊಟ್ಟೆ ಉರಿದ ಕಥೆ ಇದು. ಊರಲ್ಲಿ ಐದು ವರ್ಷ ಕೆಲಸ ಮಾಡಿದೆ. ಅದರಲ್ಲಿ ನಾಲ್ಕು ವರ್ಷ ಎಂಆರ್‌ಐ. ಗಲ್ಫ್‌ಗೆ ಅರ್ಜಿ ಹಾಕುವಾಗ ಅನುಭವ ಪತ್ರ ತೆಗೆದು ನೋಡಿದರೆ ಒಂದೇ ಸಾಲು, 'ಎಕ್ಸ್‌ರೇ ಟೆಕ್ನೀಷಿಯನ್ ಆಗಿ ಕೆಲಸ ಮಾಡಿದ್ದಾರೆ'. ದಾಖಲೆ ಪರೀಕ್ಷಿಸುವ ಕಂಪನಿ ಡೇಟಾಫ್ಲೋದವರು ಆಸ್ಪತ್ರೆಗೇ ಬರೆದು ಪರಿಶೀಲನೆ ಮಾಡುತ್ತಾರೆ. ನೀವು ಬಾಯಲ್ಲಿ ಎಷ್ಟು ಹೇಳಿದರೂ ಪತ್ರದಲ್ಲಿ ಇಲ್ಲದ್ದು ಇಲ್ಲವೇ ಇಲ್ಲ. ವಾಪಸ್ ಹೋಗಿ ತಿದ್ದಿಕೊಡಿ ಅಂದೆ. ನಿಮ್ಮನ್ನು ನೇಮಿಸಿದ್ದೇ ಎಕ್ಸ್‌ರೇಗೆ, ಬೇರೆ ಬರೆದುಕೊಡಲು ಆಗುವುದಿಲ್ಲ ಅಂದರು. ಹನ್ನೊಂದು ತಿಂಗಳು ಅಲೆದೆ. ಕೊನೆಗೆ ಬಂದದ್ದು ಎಕ್ಸ್‌ರೇ ಕೆಲಸಕ್ಕೇ.

ಹಾಗಾಗಿ ಮೊದಲು ಸಂಬಳ ಕೇಳಬೇಡಿ. ಪತ್ರ ಕೇಳಿ. 'ಇಂಥ ತಾರೀಖಿನಿಂದ ಎಂಆರ್‌ಐ ವಿಭಾಗಕ್ಕೆ ನಿಯೋಜಿಸಲಾಗಿದೆ' ಅಂತ ಒಂದು ಸಾಲಿನ ಆದೇಶ, ಸೀಲು, ಸಹಿ. ಅದು ಸಂಬಳಕ್ಕಿಂತ ಜಾಸ್ತಿ ಬೆಲೆ ಬಾಳುತ್ತದೆ.

ಮಲ್ಲೇಶ್ವರಂ_ನೈಟ್‌ಶಿಫ್ಟ್
ಇದಕ್ಕೆ ನೂರು ಲೈಕ್. ನನ್ನ ಪತ್ರದಲ್ಲೂ ಮ್ಯಾಮೊ ಇಲ್ಲ, ಡೆಕ್ಸಾ ಇಲ್ಲ.

ಮೈಸೂರು_ಮ್ಯಾಗ್ನೆಟ್
ಎಲ್ಲರೂ ಬಾಂಡು, ಸಂಬಳ ಅನ್ನುತ್ತಿದ್ದೀರಿ. ಎರಡು ವಾರಕ್ಕೆ ಒಬ್ಬನೇ ನೈಟ್ ಅನ್ನುವುದು ಯಾರ ಕಣ್ಣಿಗೂ ಬೀಳಲಿಲ್ವಾ?

ಎಂಆರ್‌ಐನಲ್ಲಿ ನನಗೆ ಎಂಟು ವರ್ಷ. ಸಿಟಿಯಿಂದ ಬಂದವರು ಮಾಡುವ ಮೊದಲ ತಪ್ಪು, ಇದೂ ಒಂದು ದೊಡ್ಡ ಸಿಟಿ ಅಂದುಕೊಳ್ಳುವುದು. ಸಿಟಿಯಲ್ಲಿ ಎಕ್ಸ್‌ಪೋಷರ್ ನಿಂತರೆ ಅಪಾಯವೂ ನಿಂತಿತು. ಇಲ್ಲಿ ಸ್ಕ್ಯಾನ್ ನಿಂತರೂ ಮ್ಯಾಗ್ನೆಟ್ ನಿಲ್ಲುವುದಿಲ್ಲ. ಮೈನಸ್ 269 ಡಿಗ್ರಿಯ ದ್ರವ ಹೀಲಿಯಂನಲ್ಲಿ ಕೂತಿರುವ ಕಾಯಿಲ್ ಅದು, ರಾತ್ರಿ ಕರೆಂಟ್ ಹೋದರೂ ಅದರ ಸೆಳೆತ ಹಾಗೇ ಇರುತ್ತದೆ. 2018ರ ಜನವರಿಯಲ್ಲಿ ಮುಂಬೈಯಲ್ಲಿ ರೋಗಿಯ ಕಡೆಯವರೊಬ್ಬರು ಆಕ್ಸಿಜನ್ ಸಿಲಿಂಡರ್ ಹಿಡಿದು ಒಳಗೆ ಹೋಗಿ ಪ್ರಾಣ ಕಳೆದುಕೊಂಡರಲ್ಲ, ನೆನಪಿದೆ ತಾನೆ? ನಮ್ಮಲ್ಲೇ ಒಮ್ಮೆ ರಾತ್ರಿ ಎರಡು ಗಂಟೆಗೆ ಐಸಿಯುನಿಂದ ಹೊಸ ವಾರ್ಡ್‌ಬಾಯ್ ಟ್ರಾಲಿ ತಳ್ಳಿಕೊಂಡು ಬಂದ, ಕೆಳಗೆ ಸಿಲಿಂಡರ್ ನೇತಾಡುತ್ತಿತ್ತು. ಬಾಗಿಲಿಗೆ ಅಡ್ಡ ನಿಂತು ಕೂಗಿದೆ. ಎರಡು ಹೆಜ್ಜೆ ಬಾಕಿ ಇತ್ತು ಅಷ್ಟೇ. ಅವತ್ತು ನಾನು ಟೀ ಕುಡಿಯಲು ಹೋಗಿದ್ದರೆ?

ಬ್ರೇನ್, ಸ್ಪೈನ್, ಮಂಡಿ ಇಷ್ಟು ಧೈರ್ಯವಾಗಿ ಮಾಡಲು ಪಕ್ಕದಲ್ಲಿ ಒಬ್ಬರು ಕೂತು ಮೂರು ತಿಂಗಳಾದರೂ ಬೇಕು. ಬಟನ್ ಒತ್ತುವುದು ಎರಡು ದಿನದಲ್ಲಿ ಬರುತ್ತದೆ. ಟಿಇ, ಟಿಆರ್ ಅನ್ನುವ ಸಮಯದ ಸೆಟ್ಟಿಂಗ್ ಬದಲಿಸಿದರೆ ಚಿತ್ರ ಯಾಕೆ ಬದಲಾಗುತ್ತದೆ, ಕೋಮಾದಲ್ಲಿರುವ ರೋಗಿಗೆ ಪೇಸ್‌ಮೇಕರ್ ಇದೆಯೋ ಇಲ್ಲವೋ ಯಾರನ್ನು ಕೇಳಬೇಕು, ಮೆದುಳಿನ ಉಬ್ಬಿದ ರಕ್ತನಾಳಕ್ಕೆ ಹಾಕಿದ ಹಳೇ ಅನ್ಯೂರಿಸಂ ಕ್ಲಿಪ್ ಇದ್ದರೆ ಏನು, ಇದು ಎರಡು ವಾರದಲ್ಲಿ ಬರುವುದಿಲ್ಲ. ನಿಮ್ಮ ಮ್ಯಾನೇಜರ್‌ಗೆ ಹೇಳಿ, ಒಬ್ಬನೇ ನೈಟ್ ಅಂದರೆ ಆಗುವುದಿಲ್ಲ ಅಂತ.

ಬೆಣ್ಣೆದೋಸೆ_ಸಿಟಿ
ಮೈಸೂರು ಸರ್, ನಿಜ ಹೇಳಲಾ? ನೈಟ್ ವಿಷಯ ನನಗೂ ಅಷ್ಟು ಹೊಳೆದಿರಲಿಲ್ಲ. ಬರೀ ಸಂಬಳದ ಮೇಲೆ ಸಿಟ್ಟಿತ್ತು.

ಕೋಲಾರ_ಚಿನ್ನ
ಇಷ್ಟೆಲ್ಲ ಯಾಕೆ, ಅಲ್ಟ್ರಾಸೌಂಡ್ ಕಲಿತುಬಿಡಿ ಬ್ರೋ. ಅಮೆರಿಕದಲ್ಲಿ ಸೋನೋಗ್ರಾಫರ್‌ಗಳಿಗೆ ಸಿಕ್ಕಾಪಟ್ಟೆ ದುಡ್ಡು. ನಮ್ಮ ಡಾಕ್ಟರ್ ಹತ್ತಿರ ಕೇಳಿದರೆ ಮೈಮೇಲೆ ಇಟ್ಟು ಸ್ಕ್ಯಾನ್ ಮಾಡುವ ಪ್ರೋಬ್ ಹಿಡಿಯಲು ಬಿಡುತ್ತಾರೆ.

ಶಿವಮೊಗ್ಗ_ಮಳೆ
ದಯವಿಟ್ಟು ಈ ಸಲಹೆ ಯಾರೂ ಪಾಲಿಸಬೇಡಿ. ಅಮೆರಿಕದ ಕಥೆ ಬೇರೆ. ನಮ್ಮಲ್ಲಿ ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಇದೆ. ಮಷಿನ್ ನೋಂದಣಿ ಆಗಿರಬೇಕು, ಸ್ಕ್ಯಾನ್ ಮಾಡುವ ಡಾಕ್ಟರ ಹೆಸರೂ ಅದರಲ್ಲಿರಬೇಕು, ಗರ್ಭಿಣಿಯ ಸ್ಕ್ಯಾನ್ ಆದರೆ ಪ್ರತಿಯೊಂದಕ್ಕೂ ಫಾರಂ ಎಫ್ ಅನ್ನುವ ದಾಖಲೆ ತುಂಬಬೇಕು. ಟೆಕ್ನೀಷಿಯನ್ ಕೈಯಲ್ಲಿ ಪ್ರೋಬ್ ಕಂಡರೆ ತಪಾಸಣೆಗೆ ಬಂದವರು ಕೇಳುವುದು 'ಕಲಿಯುತ್ತಿದ್ದೀಯಾ' ಅಂತ ಅಲ್ಲ. ಡಾಕ್ಟರೂ ಸಿಕ್ಕಿಬೀಳುತ್ತಾರೆ, ನೀವೂ ಸಿಕ್ಕಿಬೀಳುತ್ತೀರಿ. 2023ರಲ್ಲಿ ಮಂಡ್ಯದ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮಷಿನ್ ಇಟ್ಟುಕೊಂಡು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದದ್ದು ಸಿಕ್ಕಿಬಿದ್ದ ಮೇಲಂತೂ ಎಲ್ಲರ ಕಣ್ಣೂ ಇದರ ಮೇಲೇ ಇದೆ.

ಕೋಲಾರ_ಚಿನ್ನ
ಸರಿ ಸರಿ, ಗೊತ್ತಿರಲಿಲ್ಲ. ಬೈಯಬೇಡಿ.

ಶಿವಮೊಗ್ಗ_ಮಳೆ
ಬೈದಿಲ್ಲ ಮಾರಾಯ. ಜೈಲಿಗೆ ಹೋಗಬೇಡ ಅಂದೆ.

ಕರಾವಳಿ_ತಾಯಿ
ನನ್ನದು ಬೇರೆ ಅನುಭವ. ಕ್ರಾಸ್ ಟ್ರೈನಿಂಗ್ ನನಗೆ ದೊಡ್ಡ ಉಪಕಾರ ಮಾಡಿತು. ಮೊದಲ ಮಗು ಹೊಟ್ಟೆಯಲ್ಲಿದ್ದಾಗ ನಾನು ಸಿಟಿಯಲ್ಲಿದ್ದೆ. ಗರ್ಭಿಣಿ ಅಂತ ಬರೆದುಕೊಟ್ಟ ಮೇಲೆ ಮಗುವಿಗೆ ತಾಗುವ ರೇಡಿಯೇಷನ್ ಡೋಸ್ 1 ಮಿಲಿಸೀವರ್ಟ್ ದಾಟಬಾರದು ಅಂತ ರೇಡಿಯೇಷನ್ ಸುರಕ್ಷತೆ ನೋಡಿಕೊಳ್ಳುವ ಎಇಆರ್‌ಬಿ ಸಂಸ್ಥೆಯ ನಿಯಮ. ನನಗೆ ಆಗಲೇ ಎಂಆರ್‌ಐ ಮತ್ತು ಪ್ಯಾಕ್ಸ್ (ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಇಡುವ, ಕಳಿಸುವ ವ್ಯವಸ್ಥೆ) ಎರಡೂ ಬರುತ್ತಿತ್ತು. ಹಾಗಾಗಿ ಎಂಆರ್‌ಐ ಕನ್ಸೋಲ್‌ಗೆ ಹಾಕಿದರು, ಸ್ಕ್ಯಾನ್ ನಡೆಯುವಾಗ ರೂಮಿನೊಳಗೆ ಹೋಗುವುದು ಬೇಡ ಅಂದರು, ಅಷ್ಟೇ. ನನ್ನ ಜೊತೆಗೇ ಗರ್ಭಿಣಿಯಾಗಿದ್ದ ಇನ್ನೊಬ್ಬಳಿಗೆ ಎಕ್ಸ್‌ರೇ ಬಿಟ್ಟು ಬೇರೆ ಬರುತ್ತಿರಲಿಲ್ಲ. ಅವಳನ್ನು ಬಿಲ್ಲಿಂಗ್ ಕೌಂಟರಿನಲ್ಲಿ ಕೂರಿಸಿದರು. ಹೆರಿಗೆ ರಜೆ ಮುಗಿಸಿ ಬಂದರೆ ಅವಳ ಜಾಗದಲ್ಲಿ ಬೇರೆಯವರಿದ್ದರು.

ಗಂಡಸರು ಲೆಕ್ಕ ಹಾಕುವಾಗ ಈ ಒಂದು ಕಾಲಂ ಇರುವುದೇ ಇಲ್ಲ. ಹೆಣ್ಣುಮಕ್ಕಳಿಗೆ ನಾನು ಹೇಳುವುದು, ರೇಡಿಯೇಷನ್ ಇಲ್ಲದ ಒಂದು ಕೆಲಸ ಕೈಯಲ್ಲಿ ಇರಲಿ. ಎಂಆರ್‌ಐ ಆಗದಿದ್ದರೆ ಪ್ಯಾಕ್ಸ್ ಆದರೂ ಕಲಿಯಿರಿ.

ಬ್ಯಾಡ್ಜ್_ಬಸವ
ಕ್ಯಾಥ್‌ಲ್ಯಾಬ್ ಬಗ್ಗೆ ಯಾರೂ ಬರೆದಿಲ್ಲ. ಅಲ್ಲಿ ಡೋಸ್ ಜಾಸ್ತಿ, ಸುಮ್ನೆ ಹೋಗಿ ನಿಲ್ಲುವ ಜಾಗ ಅಲ್ಲ. ಕೇಳಬೇಕಾದ್ದು ಇಷ್ಟು: ಸರಿಯಾದ ಅಳತೆಯ ಸೀಸದ ಏಪ್ರನ್ ಇದೆಯಾ, ಥೈರಾಯ್ಡ್ ಕಾಲರ್ ಇದೆಯಾ, ಏಪ್ರನ್ ಒಳಗೊಂದು ಹೊರಗೊಂದು ಡೋಸ್ ಅಳೆಯುವ ಬ್ಯಾಡ್ಜ್ ಕೊಡುತ್ತಾರಾ. ನಮ್ಮ ಡೋಸ್ ಮಿತಿ ವರ್ಷಕ್ಕೆ ಸರಾಸರಿ 20 ಮಿಲಿಸೀವರ್ಟ್, ಐದು ವರ್ಷಕ್ಕೆ 100, ಯಾವ ಒಂದು ವರ್ಷವೂ 30 ದಾಟಬಾರದು. ಆ ಬ್ಯಾಡ್ಜ್, ಅಂದರೆ ಟಿಎಲ್‌ಡಿ, ಮೂರು ತಿಂಗಳಿಗೊಮ್ಮೆ ಓದಲು ಹೋಗುತ್ತದೆ, ಆ ವರದಿ ಕೇಳಿ ನೋಡುವುದು ನಿಮ್ಮ ಹಕ್ಕು. ಎಷ್ಟು ಜನ ನೋಡಿದ್ದೀರಿ, ಕೈ ಎತ್ತಿ?

ನಮ್ಮಲ್ಲಿ ಒಬ್ಬ ಮಹಾನುಭಾವ ಏಪ್ರನ್ ಸಮೇತ ಬ್ಯಾಡ್ಜನ್ನು ಲ್ಯಾಬಿನ ಒಳಗೇ ಗೂಟಕ್ಕೆ ನೇತುಹಾಕಿ ಮನೆಗೆ ಹೋಗುತ್ತಿದ್ದ. ಮೂರು ತಿಂಗಳು ಬ್ಯಾಡ್ಜ್ ಅಲ್ಲೇ ಡ್ಯೂಟಿ ಮಾಡಿತು. ರೀಡಿಂಗ್ ಮುಗಿಲು ಮುಟ್ಟಿತು, ವಿಚಾರಣೆ ಪತ್ರ ಬಂತು, ಅವನ ಮುಖ ನೋಡಬೇಕಿತ್ತು.

ಇನ್ನೊಂದು ಮಾತು. ಎಲ್ಲರೂ ಎಂಆರ್‌ಐ ಹಿಂದೆ ಓಡುತ್ತಾರೆ. ಆರ್‌ಎಸ್‌ಓ ಸರ್ಟಿಫಿಕೇಟ್ ಮಾಡಿಕೊಳ್ಳಿ. ಎಕ್ಸ್‌ರೇ, ಸಿಟಿ ಇರುವ ಆಸ್ಪತ್ರೆಗೆ ರೇಡಿಯೇಷನ್ ಸೇಫ್ಟಿ ಆಫೀಸರ್ ಬೇಕೇ ಬೇಕು, ಎಇಆರ್‌ಬಿಯ ಇಲೋರಾ ಪೋರ್ಟಲಿನಲ್ಲಿ ಅವರ ಹೆಸರು ಇರಬೇಕು. ಆ ಹೆಸರು ನಿಮ್ಮದಾದರೆ ಮ್ಯಾನೇಜರ್ ಮಾತಾಡುವ ಧಾಟಿಯೇ ಬದಲಾಗುತ್ತದೆ.

ಧಾರವಾಡ_ಪೇಡ
ಬ್ಯಾಡ್ಜ್ ಡ್ಯೂಟಿ ಮಾಡಿತು 😂 ನಮ್ಮಲ್ಲಿ ಒಬ್ಬಾಕೆ ಟಿಎಲ್‌ಡಿ ಸಮೇತ ಕೋಟು ಒಗೆಯಲು ಹಾಕಿದ್ದಳು.

ವಿಷಯ ಬಿಟ್ಟು ಹೇಳುತ್ತೇನೆ, ಕ್ಷಮಿಸಿ. ನಮ್ಮ ಸಿಟಿ ಮಷಿನ್ 'ಬ್ರೀದ್ ಇನ್, ಹೋಲ್ಡ್' ಅಂತ ಇಂಗ್ಲಿಷಿನಲ್ಲಿ ಹೇಳುತ್ತಿತ್ತು. ಹಳ್ಳಿಯ ಅಜ್ಜಿಯರು ಯಾರೋ ಕರೆದರು ಅಂತ ತಲೆ ಎತ್ತಿ ನೋಡುತ್ತಿದ್ದರು, ಸ್ಕ್ಯಾನ್ ಹಾಳು. ನಮ್ಮ ದನಿ ರೆಕಾರ್ಡ್ ಮಾಡಲು ಅದರಲ್ಲೇ ಸೌಲಭ್ಯ ಇದೆ ಅಂತ ಮಷಿನ್ ಓಡಿಸಲು ಕಲಿಸುವ ಕಂಪನಿಯ ಅಪ್ಲಿಕೇಷನ್‌ನವರು ಬಂದಾಗ ಗೊತ್ತಾಯಿತು. ನಾನೇ ಮಾಡಿದೆ, 'ಯವ್ವಾ, ಉಸಿರು ಎಳಕೋ... ಹಂಗ ಹಿಡಿ... ಈಗ ಬಿಡವ್ವಾ'. ಗಂಡಸರು ಮಲಗಿದಾಗಲೂ ಅದೇ ಯವ್ವಾ ಬರುತ್ತದೆ, ಬದಲಿಸಲು ಪುರಸೊತ್ತಿಲ್ಲ.

ಕರಾವಳಿ_ತಾಯಿ
ಅಯ್ಯೋ ಇದು ಸೂಪರ್! ನಮ್ಮಲ್ಲಿ ತುಳುವಿನಲ್ಲಿ ಮಾಡಬೇಕು.

ಮೈಸೂರು_ಮ್ಯಾಗ್ನೆಟ್
ಅಜ್ಜಿಯರ ಮಾತು ಬಂತಲ್ಲ. ಎಂಆರ್‌ಐನಲ್ಲಿ ದಿನಾ ನಡೆಯುವ ಯುದ್ಧ ತಾಳಿಯದು. ಚಿನ್ನವನ್ನು ಮ್ಯಾಗ್ನೆಟ್ ಎಳೆಯುವುದಿಲ್ಲ ನಿಜ, ಆದರೂ ಸರದ ಕೊಂಡಿ ಯಾವುದರದ್ದೋ ಯಾರಿಗೆ ಗೊತ್ತು, ಬಿಸಿಯಾಗಬಹುದು, ಚಿತ್ರವೂ ಹಾಳು. ತೆಗೆಯಿರಿ ಅಂದರೆ ಅಳುತ್ತಾರೆ. ನಮ್ಮ ಹಿರಿಯ ಸಿಸ್ಟರ್ ಒಬ್ಬರು ಡ್ರಾಯರಿನಲ್ಲಿ ಅರಿಶಿನ ಕೊಂಬು ಮತ್ತು ದಾರ ಇಟ್ಟಿರುತ್ತಿದ್ದರು. ಕೊಂಬು ಕಟ್ಟಿ, ಆಮೇಲೆ ತಾಳಿ ಬಿಚ್ಚಿಸಿ, ಗಂಡನ ಕೈಗೇ ಕೊಡುತ್ತಿದ್ದರು. ಇದನ್ನು ಯಾವ ಸಿಲಬಸ್ಸಿನಲ್ಲಿ ಹೇಳಿಕೊಡುತ್ತಾರೆ ಹೇಳಿ?

ಶಿರಸಿ_ಅಡಿಕೆ
ತಾಯತ ಬಿಟ್ಟಿರಿ. ಎದೆ ಎಕ್ಸ್‌ರೇಯಲ್ಲಿ ಬಿಳಿ ಚುಕ್ಕೆ ನೋಡಿ ಡಾಕ್ಟರು ಸಿಟಿ ಬರೆದರು. ಅಂಗಿ ಬಿಚ್ಚಿಸಿ ನೋಡಿದರೆ ತಾಯತ ಬೆನ್ನಿಗೆ ಜಾರಿತ್ತು. ಮೊದಲೇ ತೆಗೆಸದೆ ಇದ್ದದ್ದು ಯಾರು ಅಂತ ಕೇಳಬೇಡಿ.

ಡಾರ್ಕ್‌ರೂಮ್_ಅಜ್ಜ
ಹ್ಹಹ್ಹ. ಅದಕ್ಕೇ ನಾನು ಹೇಳುವುದು, ಎಕ್ಸ್‌ರೇಯನ್ನು ಕೀಳಾಗಿ ನೋಡಬೇಡಿ. ಈಗಿನ ಹುಡುಗರಿಗೆ ಎಂಆರ್‌ಐ ಬರುತ್ತದೆ, ಕುತ್ತಿಗೆ ಗಿಡ್ಡ ಇರುವ ಪೈಲ್ವಾನನಿಗೆ ಕತ್ತಿನ ಕೊನೆಯ ಮೂಳೆ ಸಿ7 ಕಾಣುವ ಹಾಗೆ ಒಂದು ಕೈ ಮೇಲೆತ್ತಿಸಿ ಸ್ವಿಮ್ಮರ್ಸ್ ವ್ಯೂ ತೆಗಿ ಅಂದರೆ ಮುಖ ಮುಖ ನೋಡುತ್ತಾರೆ. ಬೆನ್ನ ಕಡೆಯಿಂದ ತೆಗೆಯುವ ಎದೆ ಎಕ್ಸ್‌ರೇಗೆ (ಪಿಎ) ಟ್ಯೂಬು 180 ಸೆಂಟಿಮೀಟರ್ ದೂರ ಯಾಕೆ ಅಂತ ಕೇಳಿದರೆ ಸರ್ ಗೋಡೆ ಮೇಲೆ ಮಾರ್ಕ್ ಇದೆ ಅನ್ನುತ್ತಾರೆ.

ಲೆಸ್ಟರ್_ರಾಗಿಮುದ್ದೆ
ಇಂಗ್ಲೆಂಡಿನಿಂದ ಬರೆಯುತ್ತಿದ್ದೇನೆ. ಅಜ್ಜ ಹೇಳಿದ್ದು ಇಲ್ಲಿಗೆ ಬಂದ ಮೇಲೆ ನನಗೆ ಅರ್ಥವಾಯಿತು. ಇಲ್ಲಿ ಪ್ಲೇನ್ ಎಕ್ಸ್‌ರೇ ನೋಡಿ ರಿಪೋರ್ಟ್ ಬರೆಯುವ ರೇಡಿಯೋಗ್ರಾಫರ್‌ಗಳಿದ್ದಾರೆ, ಡಾಕ್ಟರಲ್ಲ, ನಮ್ಮಂಥವರೇ. ಅದಕ್ಕೆ ಮೇಲೆ ಓದಬೇಕು, ಪರೀಕ್ಷೆ ಪಾಸಾಗಬೇಕು. ಸಂಬಳದ ದರ್ಜೆ ಹೀಗೆ, ಹೊಸಬರು ಬ್ಯಾಂಡ್ 5, ಒಂದು ವಿಭಾಗದಲ್ಲಿ ಪಳಗಿದರೆ 6, ರಿಪೋರ್ಟಿಂಗ್ ಮಾಡಿದರೆ ಸಾಮಾನ್ಯವಾಗಿ 7. ಯಾವ ಮೆಟ್ಟಿಲಿಗೆ ಏನು ಬರಬೇಕು ಅಂತ ಬರೆದಿಟ್ಟಿರುತ್ತಾರೆ. ಎಂಆರ್‌ಐ ಕಲಿಯಲು ಹಾಕಿದರೆ ಕೈಗೊಂದು ಪಟ್ಟಿ ಕೊಡುತ್ತಾರೆ, ಒಂದೊಂದಕ್ಕೂ ಹಿರಿಯರು ಸಹಿ ಹಾಕಬೇಕು. ಎಲ್ಲ ಸಹಿ ಬೀಳುವ ತನಕ ಒಬ್ಬರೇ ಬಿಡುವುದಿಲ್ಲ. ಸ್ವರ್ಗ ಅಂತ ಅಂದುಕೊಳ್ಳಬೇಡಿ, ಇಲ್ಲೂ ಜನ ಸಾಲದು, ಚಳಿಗಾಲದಲ್ಲಿ ಎಮರ್ಜೆನ್ಸಿ ವಿಭಾಗ ನಮ್ಮೂರ ಸಂತೆ ತರಹ ಇರುತ್ತದೆ.

ಬರಬೇಕು ಅಂತ ಇರುವವರಿಗೆ: ಎಚ್‌ಸಿಪಿಸಿ ಅನ್ನುವ ಇಲ್ಲಿನ ಸಂಸ್ಥೆಯಲ್ಲಿ ನೋಂದಣಿ ಬೇಕು. ಇಂಗ್ಲಿಷ್ ಪರೀಕ್ಷೆ ಐಇಎಲ್‌ಟಿಎಸ್‌ನಲ್ಲಿ ಒಟ್ಟು 7, ಯಾವುದರಲ್ಲೂ 6.5ಕ್ಕಿಂತ ಕಡಿಮೆ ಬರಬಾರದು. ನಿಮ್ಮ ಕೋರ್ಸನ್ನು ಅವರ ಮಟ್ಟಕ್ಕೆ ಹೋಲಿಸಿ ನೋಡುತ್ತಾರೆ, ಎಲ್ಲಿ ಕೊರತೆ ಇದೆಯೋ ಅಲ್ಲಿ ಅನುಭವ ತೋರಿಸಬೇಕು. ಶಾರ್ಜಾದವರು ಹೇಳಿದ ಪತ್ರ ಇಲ್ಲೂ ಕೆಲಸಕ್ಕೆ ಬರುತ್ತದೆ.

ಕೋಲಾರ_ಚಿನ್ನ
ಅಲ್ಲಿ ರಾಗಿ ಸಿಗುತ್ತಾ?

ಲೆಸ್ಟರ್_ರಾಗಿಮುದ್ದೆ
ಗುಜರಾತಿ ಅಂಗಡಿಯಲ್ಲಿ ಸಿಗುತ್ತದೆ. ಮುದ್ದೆ ಕೋಲು ಊರಿಂದಲೇ ತಂದೆ.

ಸೂಟ್‌ಕೇಸ್_ಸೀನ
ನಾನು ಮೂರು ವರ್ಷದಿಂದ ಅಪ್ಲಿಕೇಷನ್ ಸ್ಪೆಷಲಿಸ್ಟ್. ಮಷಿನ್ ಮಾರಿದ ಮೇಲೆ ಆಸ್ಪತ್ರೆಯವರಿಗೆ ಓಡಿಸಲು ಕಲಿಸುವ ಕೆಲಸ. ಬೆಂಗಳೂರಿನಲ್ಲಿ ಈ ಕಂಪನಿಗಳ ಆಫೀಸು ಬೇಕಾದಷ್ಟಿವೆ. ಸಿಟಿ, ಎಂಆರ್ ಎರಡೂ ಬರುವವರಿಗೆ ಬೇಡಿಕೆ ಇದೆ. ದುಡ್ಡು ಪರವಾಗಿಲ್ಲ. ಆದರೆ ತಿಂಗಳಲ್ಲಿ ಇಪ್ಪತ್ತು ದಿನ ಲಾಡ್ಜು. ಮಗಳು ವಿಡಿಯೋ ಕಾಲಿನಲ್ಲಿ 'ಅಪ್ಪ ಯಾವ ಊರು ಇವತ್ತು' ಅಂತ ಶುರು ಮಾಡುತ್ತಾಳೆ. ನಾನೀಗ ವಾಪಸ್ ಆಸ್ಪತ್ರೆ ಕೆಲಸ ಹುಡುಕುತ್ತಿದ್ದೇನೆ.

ನಾನು ಕಂಡದ್ದೊಂದು: ಹೊಸ ಮಷಿನ್ ಜೊತೆ ಟ್ರೈನಿಂಗ್ ದಿನಗಳನ್ನು ಆಸ್ಪತ್ರೆ ಕೊಂಡಿರುತ್ತದೆ. ನಾವು ಹೋದಾಗ ಟೆಕ್ನೀಷಿಯನ್ನರನ್ನು ಡ್ಯೂಟಿಯಿಂದ ಬಿಡುವುದೇ ಇಲ್ಲ. ಕಲಿಯುತ್ತಾ ರೋಗಿ ನೋಡು ಅನ್ನುತ್ತಾರೆ. ಕೊಂಡ ದಿನಗಳು ಹಾಗೇ ಮುಗಿಯುತ್ತವೆ. ಹೊಸ ಮಷಿನ್ ಬಂದರೆ ಆ ದಿನಗಳನ್ನು ಕೇಳಿ ಪಡೆಯಿರಿ.

ಸರ್ಕಾರಿ_ಕೋಟು
ನೀವೆಲ್ಲ ಕಲಿಯಿರಿ ಅನ್ನುತ್ತಾರೆ ಅಂತ ದೂರುತ್ತಿದ್ದೀರಿ. ನಾನು ತಾಲೂಕು ಆಸ್ಪತ್ರೆ, ಹದಿನಾಲ್ಕು ವರ್ಷದಿಂದ ಅದೇ ಎಕ್ಸ್‌ರೇ ರೂಮು. ಯಾರೂ ಏನೂ ಕಲಿ ಅಂದಿಲ್ಲ. ಜಿಲ್ಲಾಸ್ಪತ್ರೆಯಲ್ಲಿ ಸಿಟಿ ಇದೆ, ಅದನ್ನು ಹೊರಗಿನ ಕಂಪನಿ ನಡೆಸುತ್ತದೆ, ನಮಗೆ ಒಳಗೆ ಜಾಗ ಇಲ್ಲ. ಸಂಬಳ ನಿಮಗಿಂತ ಚೆನ್ನಾಗಿದೆ, ಸುಳ್ಳು ಹೇಳಲ್ಲ. ಕೈ ಮಾತ್ರ ತುಕ್ಕು ಹಿಡಿಯಿತು.

ಮಲ್ಲೇಶ್ವರಂ_ನೈಟ್‌ಶಿಫ್ಟ್
ತುಕ್ಕು ಹಿಡಿದ ಕೈಗೆ ಬರುವ ಸಂಬಳ ಹೇಳಿ ಸರ್, ಅದಲುಬದಲು ಮಾಡೋಣ.

ಬ್ಯಾಡ್ಜ್_ಬಸವ
ಇನ್ನು ಟೆಕ್ನೀಷಿಯನ್, ಟೆಕ್ನಾಲಜಿಸ್ಟ್ ಅನ್ನುವ ಹೆಸರಿನ ಜಗಳ ಯಾರೂ ತೆಗೆಯಬೇಡಿ.

ಶಿವಮೊಗ್ಗ_ಮಳೆ
ನೀವೇ ತೆಗೆದಿರಿ! ಹೆಸರು ಮುಖ್ಯವೇ. ಡಿಗ್ರಿಗೆ ಮೂರು ವರ್ಷ ಓದಿ ಒಂದು ವರ್ಷ ಇಂಟರ್ನ್‌ಶಿಪ್ ಮಾಡಿದ ನನಗೂ ಆರ್ಡರಿನಲ್ಲಿ ಟೆಕ್ನೀಷಿಯನ್. 2021ರಲ್ಲಿ ಕಾಯ್ದೆ ಬಂದಿದೆ, ಅಲೈಡ್ ಅಂಡ್ ಹೆಲ್ತ್‌ಕೇರ್ ಪ್ರೊಫೆಷನ್ಸ್ ಅಂತ. ನಮ್ಮ ಕೆಲಸವೂ ಆ ಪಟ್ಟಿಯಲ್ಲಿದೆ. ನೋಂದಣಿ ಗಟ್ಟಿಯಾಗಿ ಶುರುವಾದರೆ ಯಾರು ಏನು ಓದಿದ್ದಾರೆ, ಏನು ಮಾಡಬಹುದು ಅನ್ನುವುದು ಮ್ಯಾನೇಜರ್ ಬಾಯಿಂದ ಬರಬೇಕಾಗಿಲ್ಲ.

ಶಿರಸಿ_ಅಡಿಕೆ
ರೋಗಿಗಳಿಗೆ ನಾವು ಎಂದೆಂದಿಗೂ 'ಎಕ್ಸ್‌ರೇ ಅಣ್ಣ'.

ಬೆಣ್ಣೆದೋಸೆ_ಸಿಟಿ
ಇವತ್ತು ಮ್ಯಾನೇಜರ್ ಹತ್ತಿರ ಹೋಗಿ ಬಂದೆ. ನಿಮ್ಮ ಮಾತುಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡಿದ್ದೆ, ಒಳಗೆ ಹೋದ ಮೇಲೆ ಅರ್ಧ ಮರೆತುಹೋಯಿತು.

ಮೊದಲು ಪತ್ರ ಕೇಳಿದೆ. ಅದಕ್ಕೇನಂತೆ, ಕೊಡೋಣ ಅಂದರು. ಇಷ್ಟು ಸುಲಭವಾಗಿ ಒಪ್ಪುತ್ತಾರೆ ಅಂದುಕೊಂಡಿರಲಿಲ್ಲ. ಎರಡು ವಾರದ ಬಗ್ಗೆ ಮಾತ್ರ ಜೋರು ವಾದ ಆಯಿತು. ನಾನು ಮುಂಬೈ ವಿಷಯ ಹೇಳಿದೆ, ನಮ್ಮಲ್ಲಿ ಹಾಗೆಲ್ಲ ಆಗಲ್ಲ ಅಂದರು. ಪಕ್ಕದಲ್ಲೇ ರೇಡಿಯಾಲಜಿಸ್ಟ್ ಮೇಡಂ ಇದ್ದರು. 'ಮೂರು ತಿಂಗಳಿಗಿಂತ ಮುಂಚೆ ಇವನನ್ನು ಒಬ್ಬನೇ ಹಾಕಿದರೆ ಆ ರಾತ್ರಿಯ ಸ್ಕ್ಯಾನ್‌ಗೆ ನಾನು ರಿಪೋರ್ಟ್ ಕೊಡಲ್ಲ' ಅಂದುಬಿಟ್ಟರು. ಅಲ್ಲಿಗೆ ಮೂರು ತಿಂಗಳು ಅಂತ ಆಯಿತು. ಪುಸ್ತಕದಲ್ಲಿ ಕೇಸ್ ಬರೆದು ತರಬೇಕು, ಅವರೇ ಸಹಿ ಹಾಕುತ್ತಾರೆ.

ಬಾಂಡ್ ಇನ್ನೂ ಬಿಟ್ಟಿಲ್ಲ, ಒಂದು ವರ್ಷಕ್ಕೆ ಇಳಿಸಿದ್ದಾರೆ, ನಾನು ಸೈನ್ ಹಾಕಿಲ್ಲ, ಯೋಚಿಸುತ್ತೇನೆ ಅಂದಿದ್ದೇನೆ. ಒರಿಜಿನಲ್ ಕೊಡಲ್ಲ ಅಂತ ಹೇಳಿಯೇ ಬಂದೆ. ಕ್ಯಾಥ್‌ಲ್ಯಾಬ್ ಮುಂದಿನ ವರ್ಷ ನೋಡೋಣ ಅಂದರು. ಸಂಬಳದ ಮಾತು ಏಪ್ರಿಲ್‌ಗೆ.

ಮಲ್ಲೇಶ್ವರಂ_ನೈಟ್‌ಶಿಫ್ಟ್
ಏಪ್ರಿಲ್ ಅಂದರೆ ಒಂದನೇ ತಾರೀಖಾ?

ಬೆಣ್ಣೆದೋಸೆ_ಸಿಟಿ
😂 ಅದನ್ನೇ ನನ್ನ ಹೆಂಡತಿಯೂ ಕೇಳಿದಳು.

ಶಾರ್ಜಾ_ಸುಳ್ಯ
ಪತ್ರ ಕೈಗೆ ಬಂದ ದಿನ ಫೋಟೋ ತೆಗೆದು ಮೇಲ್‌ನಲ್ಲಿ ಇಟ್ಟುಕೊಳ್ಳಿ. 'ಕೊಡೋಣ' ಅಂದದ್ದು ಪತ್ರ ಅಲ್ಲ.

ಮೈಸೂರು_ಮ್ಯಾಗ್ನೆಟ್
ಆ ಮೇಡಂಗೆ ನನ್ನ ನಮಸ್ಕಾರ ತಿಳಿಸಿ. ಮೊದಲ ದಿನ ಹೋಗುವಾಗ ಜೇಬಿನಲ್ಲಿ ಏನೂ ಇರದ ಹಾಗೆ ನೋಡಿಕೊಳ್ಳಿ, ಎಟಿಎಂ ಕಾರ್ಡ್ ಸಮೇತ. ನನ್ನದು ಎರಡು ಹೋಗಿದೆ.

ಧಾರವಾಡ_ಪೇಡ
ಮತ್ತೆ ಬರುವ ದಾರಿಯಲ್ಲಿ ಒಂದಿಷ್ಟು ಅರಿಶಿನ ಕೊಂಬು ತಗೊಂಡು ಹೋಗಿ.